ಹಳೆಯದು ತೋರಿಸಿದರೆ ಹೊಸ ನಟ್ಟು

ಹೋದ ವಾರ ಪೊರಕೆ ಕೊಳ್ಳಲು ಅಂಗಡಿಗೆ ಹೋದಾಗ ನನ್ನ ಕೈಯಲ್ಲಿ ಮನೆಯ ಹಳೆಯ ಪೊರಕೆ ಇತ್ತು. ಅಂಗಡಿಯ ಹುಡುಗ ಒಮ್ಮೆ ಪೊರಕೆಯನ್ನೂ ಒಮ್ಮೆ ನನ್ನನ್ನೂ ನೋಡಿ, “ಯಾರಿಗೆ ಹೊಡ್ಯಾಕ ಹೊಂಟೀರಿ ಟೀಚರ್?” ಎಂದು ಹಿಂದೆ ಸರಿದ. ಏನು ಹೇಳಲಿ? ದಾಂಡೇಲಿಯಲ್ಲೇ ಇದ್ದರೂ ಅವನು ಅಂಬೇವಾಡಿಯ ನಮ್ಮ ಓಣಿಯವನಲ್ಲ. ನಮ್ಮ ಓಣಿಯವರಾಗಿದ್ದರೆ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಹೊಸದು ಬೇಕಾದರೆ ಹಳೆಯದನ್ನು ಹಿಡಿದುಕೊಂಡು ಹೋಗುವ ಈ ಚಟವನ್ನು ನಮಗೆಲ್ಲ ಹಚ್ಚಿದವರು ನನ್ನ ಪಕ್ಕದ ಮನೆಯ ಕಾಕಾ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮನುಷ್ಯ ಹೋದರೂ ಅವರ ಕಾಯಿದೆ ನಮ್ಮನ್ನು ಬಿಟ್ಟಿಲ್ಲ.

ಕಾಕಾ ನನಗೆ ಸಂಬಂಧದವರೇನಲ್ಲ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕೂ. ಊರಿನ ಕಾಗದದ ಮಿಲ್ಲಿನವರಿಗೆ ಮಾತ್ರ ಅವರು ಸ್ಟೋರ್ ಸಾಹೇಬರು. ಜೀವಮಾನವೆಲ್ಲ ಮಿಲ್ಲಿನ ಸ್ಟೋರಿನ ಸಣ್ಣ ಕಿಟಕಿಯ ಹಿಂದೆ ಕೂತು ನಟ್ಟು, ಬೋಲ್ಟು, ಬೇರಿಂಗು, ಬಲ್ಬು ಕೊಡುವುದು ಅವರ ಕೆಲಸ. ಕೊಡುವುದು ಎಂದೆನೇ? ತಪ್ಪಾಯಿತು. ಕೊಡದೇ ಇರುವುದು ಅವರ ಕೆಲಸ. ಯಾರು ಬಂದು ಏನು ಕೇಳಿದರೂ ಕಿಟಕಿಯ ಆಚೆಯಿಂದ ಬರುತ್ತಿದ್ದುದು ಒಂದೇ ಮಾತು: “ಹಳೇದು ತೋರ್ಸು, ಹೊಸಾದು ಒಯ್ಯಿ.” ಹಳೆಯದು ಕಳೆದಿದ್ದರೆ ಫೋರ್‌ಮನ್‌ನ ಚೀಟಿ ತರಬೇಕು. ಒಮ್ಮೆ ಒಬ್ಬ ಫಿಟ್ಟರ್ ಹರಿದ ಕೈಗವಸು ತಂದು ಹೊಸ ಜೊತೆ ಕೇಳಿದನಂತೆ. ಕಾಕಾ ನೋಡಿದರು. ಬಲಗೈಯದು ಹರಿದಿತ್ತು, ಎಡಗೈಯದು ನೆಟ್ಟಗಿತ್ತು. ಬಲಗೈಯದೊಂದನ್ನೇ ಕೊಟ್ಟು, “ಇನ್ನೊಂದು ಹರದ ಮ್ಯಾಲೆ ಬಾ” ಎಂದು ಕಿಟಕಿ ಎಳೆದುಕೊಂಡರಂತೆ. ಈ ಫಿಟ್ಟರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಕಾಕಾರದು ತೆಳ್ಳನೆಯ ಮೈ, ದೊಡ್ಡ ಕಿವಿ, ದಾರ ಕಟ್ಟಿದ ಕನ್ನಡಕ. ಯಾವ ವಸ್ತು ಕೈಗೆ ಬಂದರೂ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ತಿಕ್ಕಿ ನೋಡುವರು. ಕಾಕೂ ತಂದ ಸೌತೆಕಾಯಿಗೂ ಅದೇ ಪರೀಕ್ಷೆ, ಅಂಚೆಯವನು ತಂದ ಲಗ್ನಪತ್ರಿಕೆಗೂ ಅದೇ ಪರೀಕ್ಷೆ. ಮನೆಯಲ್ಲಿ ಹೊಸ ಸೋಪು ಬೇಕಾದರೆ ಕಾಕೂ ಹಳೆಯ ಸೋಪಿನ ಚೂರನ್ನು ಅಂಗೈಯಲ್ಲಿಟ್ಟು ತೋರಿಸಬೇಕು. ಒಮ್ಮೆ ಹಲ್ಲಿನ ಡಾಕ್ಟರು ಇವರ ದವಡೆ ಹಲ್ಲು ಕಿತ್ತು ಬುಟ್ಟಿಗೆ ಒಗೆದರೆ, ಇವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು. “ಹೊಸಾದು ಹಾಕಸೂ ಮುಂದ ಬೇಕಾಗ್ತೈತಿ” ಎಂದರಂತೆ. ಡಾಕ್ಟರು ಇಂದಿಗೂ ಆ ಕತೆ ಹೇಳಿ ನಗುತ್ತಾರೆ.

ನಗುವವರು ನಗಲಿ. ಆದರೆ ಈ ಕಾಯಿದೆ ಒಮ್ಮೆ ಕಾಕಾಗೆ ಬಲು ದುಬಾರಿ ಬಿತ್ತು.

ಕಾಕಾಗೆ ಒಬ್ಬಳೇ ಅಕ್ಕ. ಮುಂಡಗೋಡ ತಾಲೂಕಿನ ಚಿಗಳ್ಳಿಗೆ ಕೊಟ್ಟಿದ್ದರು. ತಂದೆತಾಯಿ ಇಲ್ಲದ್ದರಿಂದ ಅವರಿಗೆ ತವರು ಎಂದರೆ ಅಂಬೇವಾಡಿಯ ತಮ್ಮನ ಮನೆಯೇ. ನಾಗರಪಂಚಮಿಗೆ ಬಂದು, ಉಂಡಿ ತಿಂದು, ತಮ್ಮ ಕೊಟ್ಟ ಸೀರೆ ಉಟ್ಟುಕೊಂಡು ಹೋಗುವುದು ಪ್ರತಿವರ್ಷ ನಡೆದು ಬಂದ ಪದ್ಧತಿ. ಕಾಕಾ ನಿವೃತ್ತರಾಗುವ ಮೊದಲಿನ ಒಂದು ಪಂಚಮಿ. ಅಕ್ಕ ಪಡಸಾಲೆಯಲ್ಲಿ ಕೂತು ಶೇಂಗಾ ಉಂಡಿ ಕಡಿಯುತ್ತಿದ್ದರು. ಕಾಕೂ ಹೊಸ ಸೀರೆ ತಂದು ಗಂಡನ ಕೈಗಿಟ್ಟರು. ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ ಕಾಕಾ, ಸೀರೆಯನ್ನು ಎರಡು ಬೆರಳಿನಲ್ಲಿ ತಿಕ್ಕಿ, ತಲೆ ಎತ್ತದೆ, ರೂಢಿಯಂತೆ ಅಂದುಬಿಟ್ಟರು: “ಹೋದ ವರ್ಸದ್ದು ಎಲ್ಲೈತಿ? ತೋರ್ಸು, ಹೊಸಾದು ಒಯ್ಯಿ.”

ಅಕ್ಕ ಕಡಿದ ಉಂಡಿಯನ್ನು ತಾಟಿಗಿಟ್ಟರು. ಚೀಲ ತೆಗೆದುಕೊಂಡರು. ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಕಾಕೂ ಹಣೆ ಹಣೆ ಬಡಿದುಕೊಂಡರೆ ಕಾಕಾ ಸಮಾಧಾನ ಮಾಡಿದ್ದು ಹೀಗೆ: “ಯಾಕ ಅಳ್ತಿ? ಹಳೇದು ತರಾಕ ಹೋಗ್ಯಾಳ.” ಸಂಜೆಯತನಕ ಸೀರೆ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ದೀಪ ಹಚ್ಚುವ ಹೊತ್ತಿಗೆ ತಾವೇನು ಅಂದೆವೆಂಬುದು ಅವರಿಗೆ ತಿಳಿಯಿತು. ಆಮೇಲಿನ ಪಂಚಮಿಗಳಲ್ಲಿ ಅಕ್ಕ ಬರಲಿಲ್ಲ. ಇವರು ಹೋಗಲಿಲ್ಲ. ಹೇಳಿ ಕಳಿಸಿದರೆ ಉತ್ತರವೂ ಬರಲಿಲ್ಲ. ವರ್ಷಗಳು ಹೀಗೆ ಹೋದವು.

ನನ್ನ ತವರು ಮುಂಡಗೋಡ. ನಾಲ್ಕು ವರ್ಷದ ಹಿಂದೆ ದಸರೆ ಹತ್ತಿರ ಬಂದಾಗ ನನ್ನ ಅವ್ವ ಫೋನು ಮಾಡಿ, ಸಂತೆಯಲ್ಲಿ ಚಿಗಳ್ಳಿಯ ಅಕ್ಕ ಸಿಕ್ಕು ಹೇಳಿದ ಮಾತನ್ನು ನನಗೆ ಒಪ್ಪಿಸಿದಳು. ನಾನು ಅದನ್ನು ಇದ್ದದ್ದು ಇದ್ದಂತೆ ಕಾಕಾಗೆ ಮುಟ್ಟಿಸಿದೆ: “ಈ ದಸರಾಕ ಬನ್ನಿ ಕೊಡಾಕ ಬಂದ್ರ ಬರ್ಲಿ. ಬರ್ಲಿಲ್ಲಂದ್ರ ಇನ್ನ ಮ್ಯಾಲೆ ನನ್ನ ಹೆಸರು ತಗೀಬ್ಯಾಡಂತ ಹೇಳು.” ವಿಜಯದಶಮಿಯ ಸಂಜೆ ಕಿರಿಯರು ಹಿರಿಯರಿಗೆ ಬನ್ನಿಯ ಎಲೆ ಕೊಟ್ಟು ಕಾಲಿಗೆ ಬೀಳುವುದು ನಮ್ಮ ಕಡೆಯ ರೂಢಿ. ಎಂಥ ಹಗೆ ಇದ್ದರೂ ಆ ಸಂಜೆ ಮುರಿಯುತ್ತದೆ. ಮುರಿಯದಿದ್ದರೆ ಮತ್ತೆ ಮುರಿಯುವುದಿಲ್ಲ. ಕಾಕಾ ಕೇಳಿ ಕನ್ನಡಕದ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ನಂತರ, “ಹೋಗೂಣು. ನೀನೂ ನಿಮ್ಮವ್ವನ ಮನಿಗೆ ಬರ್ತೀಯಲ್ಲ, ಕಾರಿನ್ಯಾಗ ಕೂಡು” ಎಂದರು. ಮನೆಗೆ ಬನ್ನಿ ಕೊಡಲು ಬರುವವರಿಗಾಗಿ ಕಾಕೂ ಅಂಬೇವಾಡಿಯಲ್ಲೇ ಉಳಿಯುವುದೆಂದಾಯಿತು. ನನ್ನನ್ನು ಒಳಗೆ ಕರೆದು, “ಇವರನ್ನ ನಡುದಾರ್ಯಾಗ ಹೊಳ್ಳಾಕ ಬಿಡಬ್ಯಾಡ” ಎಂದು ಕೈ ಹಿಡಿದುಕೊಂಡರು.

ಕಾರು ಎಂದರೆ ನಿವೃತ್ತರಾದಾಗ ತಮ್ಮ ಹಳೆಯ ಸ್ಕೂಟರ್ ಕೊಟ್ಟು ಕೊಂಡ ಹಳೆಯ ಬಿಳಿ ಕಾರು. ಸ್ಕೂಟರ್ ಕೊಡದೆ ಕಾರು ಕೊಂಡಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಹಾಲು ತರಲು ಹೊರಟರೂ ನಾಲ್ಕೂ ಚಕ್ರಗಳ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಯೇ ಸ್ಟೇರಿಂಗಿನ ಮುಂದೆ ಕೂಡುತ್ತಿದ್ದರು. “ಎಂಜಿನ್ ಕೈಕೊಟ್ರ ಗಾಡಿ ನಿಲ್ತೈತಿ. ನಟ್ಟು ಕೈಕೊಟ್ರ ಗಾಡಿ ನಿಲ್ಲಂಗಿಲ್ಲ, ಗಾಲಿ ಮುಂದ ಹೋಗ್ತೈತಿ, ನಾವು ಹಿಂದ ಹೋಗ್ತೇವಿ” ಎನ್ನುವರು.

ದಶಮಿಯ ಹಿಂದಿನ ದಿನ ಖಂಡೇ ಪೂಜೆ. ಎಲ್ಲರೂ ಅಂದು ಹತಾರಗಳನ್ನು ತೊಳೆದು ಪೂಜೆಗಿಡುತ್ತಾರೆ. ಕಾಕಾ ಎಲ್ಲರಂತೆ ಕಾರಿಗೊಂದು ಹೂವಿನ ಹಾರ ಹಾಕಿ ಬಿಡುವವರಲ್ಲ. ಗಾಲಿಗೊಂದರಂತೆ ನಟ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕಾಕೂನ ಈಳಿಗೆ, ನಟ್ಟು ಬಿಗಿಯುವ ತಮ್ಮ ಪಾನಾ, ಸ್ಕ್ರೂಡ್ರೈವರುಗಳ ಜೊತೆ ಹಿತ್ತಾಳೆ ತಾಟಿನಲ್ಲಿಟ್ಟು ಅರಿಸಿನ ಕುಂಕುಮ ಏರಿಸಿದರು. ಮೇಲೆ ಮುಚ್ಚುವಷ್ಟು ಚೆಂಡು ಹೂವು. ಪೂಜೆಗಿಟ್ಟದ್ದನ್ನು ಅಂದು ಎತ್ತುವಂತಿಲ್ಲ. ಮರುದಿನ ಬೆಳಿಗ್ಗೆ ಕಾಕಾ ಸ್ನಾನಕ್ಕೆ ಹೋದಾಗ ಕಾಕೂ ಬಾಡಿದ ಹೂವನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ, ನಿರ್ಮಾಲ್ಯವೆಂದು ಕಾಳಿ ಹೊಳೆಗೆ ಬಿಟ್ಟು ಬಂದರು. ಕಾಕಾ ಬಂದು ನೋಡಿದರೆ ತಾಟಿನಲ್ಲಿ ಒಂದು ನಟ್ಟು ಕಡಿಮೆ.

“ಹೊಳಿಗೆ ನಟ್ಟು ಏರಿಸಿ ಬಂದೀಯಲ್ಲ!” ಎಂದು ಕಾಕಾ ಕೂಗಿದರು.

“ಹೂವಿನ ತೆಳಗ ನಟ್ಟು ಇಡಬೇಕಂತ ಯಾವ ಶಾಸ್ತ್ರದಾಗ ಐತಿ?” ಎಂದು ಕಾಕೂ ಅದಕ್ಕಿಂತ ಜೋರಾಗಿ ಕೂಗಿದರು.

ಜಗಳದ ನಡುವೆ ನಾನೊಂದು ಗಮನಿಸಿದೆ. ಕಾಕಾರ ಮುಖದಲ್ಲಿ ಸಿಟ್ಟಿನ ಜೊತೆ ಸಣ್ಣದೊಂದು ನಿರಾಳವೂ ಇತ್ತು. “ಇನ್ನ ಗಾಡಿ ತಗ್ಯಾಕ ಬರಂಗಿಲ್ಲ ಬಿಡು” ಎಂದು ಕುರ್ಚಿಯ ಮೇಲೆ ಕೂತೇಬಿಟ್ಟರು. ಆ ಗಾಲಿಗೆ ಉಳಿದ ಮೂರು ನಟ್ಟಿನ ಮೇಲೆ ನಿಧಾನ ಹೋದರೆ ಹಳಿಯಾಳ ಮುಟ್ಟಬಹುದು, ಅಲ್ಲಿ ಬಿಡಿಭಾಗ ಮಾರುವ ಭಾಯಿಯ ಅಂಗಡಿ ಇದೆ ಎಂದು ನಾನೂ ಕಾಕೂ ಸೇರಿ ಎಬ್ಬಿಸಿದೆವು. ಹಳಿಯಾಳದ ದಾರಿಯಲ್ಲಿ ಕಬ್ಬು ಹೊತ್ತ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಎತ್ತು ತಿರುಗಿ ನೋಡಿದ್ದನ್ನು ನಾನು ಮರೆತಿಲ್ಲ.

ಹಳಿಯಾಳದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಭಾಯಿ ಹಿಂದೆ ಅದೇ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಒಂದೇ ಕೈಗವಸು ಒಯ್ದ ಪುಣ್ಯಾತ್ಮ ಇವರೇ. ಕಾಕಾರನ್ನು ಕಂಡೊಡನೆ ಮುಖ ಅರಳಿತು. “ಅರೇ, ಸ್ಟೋರ್ ಸಾಹೇಬ್ರು! ಬರ್ರಿ ಬರ್ರಿ. ಏನ್ ಬೇಕ್ರಿ?”

“ವೀಲ್ ನಟ್ಟು. ಒಂದು.”

ಭಾಯಿ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿದರು. ಗಡ್ಡ ನೀವಿಕೊಂಡರು. ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು: “ಹಳೇದು... ಎಲ್ಲಿ ಐತ್ರಿ?”

ಕಾಕಾ ಕನ್ನಡಕ ತೆಗೆದು ಒರೆಸಿದರು. “ಕಾಳಿ ಹೊಳ್ಯಾಗ ಐತಿ.”

“ಹಂಗಾದ್ರ ಫೋರ್‌ಮನ್‌ದು ಚೀಟಿ ಬೇಕಾಗ್ತೈತ್ರಿ. ಇಲ್ಲಾಂದ್ರ ಹೊಳೀದರ ಚೀಟಿ ತರ್ರಿ.”

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಕಾಕಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಬರೋಬ್ಬರಿ ಐತಿ. ಹಳೇದು ಇಲ್ದ ಕೇಳೂದು ನಂದ ತಪ್ಪು” ಎಂದು ತಿರುಗಿ ಕಾರಿನತ್ತ ಹೊರಟೇಬಿಟ್ಟರು. ಭಾಯಿ ಗಾಬರಿಯಾಗಿ ಕೌಂಟರ್ ಹಾರಿ ಬಂದು, “ಚ್ಯಾಷ್ಟಿ ಮಾಡೇನ್ರಿ ಸಾಹೇಬ್ರ, ಇಡೀ ಅಂಗಡಿ ನಿಮ್ದ” ಎಂದು ತೋಳು ಹಿಡಿದು ಎಳೆದು ತಂದರು.

ಆಗ ಶುರುವಾಯಿತು ನಟ್ಟಿನ ಸ್ವಯಂವರ. ಅದೇ ಗಾಲಿಯ ಇನ್ನೊಂದು ನಟ್ಟು ಬಿಚ್ಚಿ ಮಾದರಿಗೆಂದು ಕೌಂಟರಿನ ಮೇಲಿಟ್ಟರು. ಭಾಯಿ ಮೊದಲು ತೆಗೆದದ್ದು ತಲೆಗೆ ಟೋಪಿ ಇದ್ದ, ಮಿರಮಿರ ಮಿಂಚುವ ನಟ್ಟು. ಕಾಕಾ ಕಣ್ಣು ಮುಚ್ಚಿ ತಿಕ್ಕಿದರು. “ಇದು ಮದಿಮಗನ ನಟ್ಟು. ಮೆರವಣಿಗಿಗೆ ಛಲೋ, ಸಂಸಾರಕ್ಕ ಅಲ್ಲ.” ಎರಡನೆಯದನ್ನು ಕೌಂಟರಿನ ಮೇಲಿದ್ದ ಅದೇ ಅಳತೆಯ ಬೋಲ್ಟಿಗೆ ಹಾಕಿದರೆ ಒಂದು ಸುತ್ತು ಹೋಗಿ ಬಿಗಿಯಿತು. ಪಾನಾ ಹಾಕಿ ತಿರುಗಿಸಿದರೆ ಹೋಗುತ್ತದೆ ಎಂದೆ. “ಬೆರಳಿಗೆ ಬರದ್ದನ್ನ ಪಾನಾದಿಂದ ಬರಸ್ತೇನಿ ಅಂದ್ರ ಹಲ್ಲು ಮುರೀತೈತಿ. ನೀ ಸಾಲ್ಯಾಗ ಹುಡುಗೂರ್ನ ಹಿಂಗ ಕಲಸ್ತೀ ಏನು?” ಎಂದು ನನಗೇ ತಿರುಗಿಬಿದ್ದರು. ಮೂರನೆಯದು ಸರಾಗವಾಗಿ ಕೊನೆಯತನಕ ಹೋಯಿತು. ನಾನು ಉಸಿರು ಬಿಟ್ಟೆ. ಕಾಕಾ ಅದನ್ನು ತಲೆಕೆಳಗು ಮಾಡಿ ತೋರಿಸಿದರು. ನಮ್ಮ ನಟ್ಟಿನ ಬುಡ ಲಾಳಿಕೆಯಂತೆ ಇಳಿಜಾರು, ಇದರದು ಚೆಂಡಿನಂತೆ ಗುಂಡು. ಗಾಲಿಯ ತೂತಿಗೆ ಇಳಿಜಾರು ಬುಡವೇ ಬೇಕು.

“ಇದನ್ನ ಹಾಕಿದ್ರ ಬಿಗಿ ಆತು ಅನಸ್ತೈತಿ. ಆಗಿರೂದಿಲ್ಲ. ಬಿಗಿಯೂದು ಬ್ಯಾರೆ, ಕೂಡೂದು ಬ್ಯಾರೆ. ಕೂಡದ್ದು ಎಷ್ಟ ಬಿಗಿದ್ರೂ ದಾರ್ಯಾಗ ಬಿಡ್ತೈತಿ” ಎಂದರು. ಈ ಮಾತನ್ನು ನಾನು ಆಮೇಲೆ ಎಷ್ಟೋ ಮದುವೆಗಳಲ್ಲಿ ನೆನೆಸಿಕೊಂಡಿದ್ದೇನೆ.

“ಹಂಗಾದ್ರ ಡಿಕ್ಕಿ ತಗೀರಿ, ಸ್ಟೆಪ್ನಿ ಗಾಲಿ ಹೊರಗ ಇಟ್ಟು ಒಂದೊಂದಾ ಕೂರಿಸಿ ನೋಡೂಣು” ಎಂದು ಭಾಯಿ ಕಾರಿನ ಹಿಂಬದಿಗೆ ಹೋದರು. ಕಾಕಾ ಓಡಿಹೋಗಿ ಡಿಕ್ಕಿಗೆ ಬೆನ್ನು ಕೊಟ್ಟು ನಿಂತರು. “ಡಿಕ್ಕಿ ಬ್ಯಾಡ. ಗಾಡಿಗೆ ಹಚ್ಚಿದ ಗಾಲಿಗೇ ನೋಡೂಣು” ಎಂದು ಆ ವಯಸ್ಸಿನಲ್ಲಿ ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತರು. ನನಗೆ ಅನುಮಾನ ಬಂತು. ಜೀವಮಾನವೆಲ್ಲ ಒಂದು ಮೊಳೆಯನ್ನೂ ಮನೆಗೊಯ್ಯದ ಮನುಷ್ಯ, ಕಡೆಯ ದಿನ ಸ್ಟೋರಿನ ಅರ್ಧ ಸಾಮಾನು ಡಿಕ್ಕಿಗೆ ತುಂಬಿಕೊಂಡು ಬಂದಿರಬಹುದೇ? ಹಾಗಿದ್ದರೆ ಪಾಪ, ಇಷ್ಟು ವರ್ಷ ಹೊತ್ತು ತಿರುಗಿದ್ದಾರಲ್ಲ ಎಂದು ಮರುಕವೂ ಆಯಿತು.

ಕೊನೆಗೂ ಒಂದು ನಟ್ಟು ಸಿಕ್ಕಿತು. ಬುಡ ಇಳಿಜಾರು, ಹಲ್ಲು ಸರಿ, ಬೆರಳಿಗೆ ಬೆಣ್ಣೆಯಂತೆ ತಿರುಗಿತು. ತೂತಿನಲ್ಲಿ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತು. ಮುಗಿಯಿತಲ್ಲ ಎಂದುಕೊಂಡರೆ ಕಾಕಾ, “ಬಣ್ಣ ಸ್ವಲ್ಪ ಕಪ್ಪೈತಿ” ಎಂದರು. ನಂತರ, ಮೂರು ಹಳೆಯದರ ಜೊತೆ ಒಂದು ಹೊಸದು ಸರಿಹೋಗುವುದಿಲ್ಲ, ಇಡೀ ಗಾಲಿಯದ್ದೇ ಬೇಕು ಎಂದರು. ಹಾಗಾದರೆ ಉಳಿದ ಗಾಲಿಗಳು ಮಾಡಿದ ಪಾಪವೇನು ಎಂದರು. ಬಿಸಿಲು ಅಂಗಡಿಯ ಮೆಟ್ಟಿಲು ಇಳಿದು ರಸ್ತೆಗೆ ಹೋಗಿತ್ತು. ಭಾಯಿ ನನ್ನ ಮುಖ ನೋಡಿದರು, ನಾನು ಭಾಯಿಯ ಮುಖ ನೋಡಿದೆ. ನನಗೆ ರೇಗಿತು.

“ಕಾಕಾ, ನಟ್ಟು ಯಾವಾಗೋ ಸಿಕ್ಕೈತಿ. ನೀವು ಅಂಜಾಕತ್ತೀರಿ.”

ಹಿರಿಯರಿಗೆ ಆಡುವ ಮಾತಲ್ಲ. ಕಾಕಾ ಎದ್ದು ನಿಂತು ಕೈ ಒರೆಸಿಕೊಂಡರು. ಕಿಟಕಿಯ ಹಿಂದಿನ ಸ್ಟೋರ್ ಸಾಹೇಬರು ಅಲ್ಲಿರಲಿಲ್ಲ. ತಪ್ಪು ಮಾಡಿದ ತಮ್ಮನೊಬ್ಬ ಮಾತ್ರ ಇದ್ದ.

“ಹೂಂ, ಅಂಜಿಕಿ ಬರ್ತೈತಿ” ಎಂದರು. “ಹೋಗಿ ನಿಂತ ಮ್ಯಾಲೆ ಅಕ್ಕ ಬಾಗಲಾ ಹಾಕ್ಕೊಂಡ್ರ ಏನ್ ಮಾಡ್ಲಿ? ನಟ್ಟು ಸಿಗಲಿಲ್ಲಂತ ಹೊಳ್ಳಿ ಹೋದ್ರ, ಬರೂ ವರ್ಸ ಹೋಗೂಣು ಅಂತರ ಅನ್ನಾಕ ಬರ್ತೈತಿ.”

ಭಾಯಿಗೆ ಕತೆ ಗೊತ್ತಿತ್ತೋ ಇಲ್ಲವೋ ತಿಳಿಯದು. ಕಪ್ಪು ನಟ್ಟನ್ನು ಎತ್ತಿಕೊಂಡು, ಕಾಕಾರ ಕೈಯಿಂದ ಪಾನಾ ಕಸಿದು, ತಾವೇ ಹೋಗಿ ಗಾಲಿಯ ಮುಂದೆ ಕೂತರು. ಒಂದಕ್ಕೆ ಎದುರು ಇನ್ನೊಂದು ಎಂಬಂತೆ ನಾಲ್ಕನ್ನೂ ಬಿಗಿದು ಎದ್ದರು. “ಕೂತೈತ್ರಿ. ಇನ್ನ ನಡೀರಿ, ಹೊತ್ತು ಮುಳಗತೈತಿ.” ಕಾಕಾ ಜೇಬಿನಿಂದ ಬನ್ನಿಯ ಎಲೆ ತೆಗೆದು ಅವರ ಕೈಗಿಡಲು ಹೋದರೆ ಭಾಯಿ ಕೈ ಹಿಂದೆ ಕಟ್ಟಿಕೊಂಡರು. “ಈಗ ತಗೊಳಂಗಿಲ್ರಿ. ಮೊದಲು ಅಕ್ಕಾರಿಗೆ ಕೊಟ್ಟು ಬರ್ರಿ. ಎಲ್ಲಾ ಇಲ್ಲೇ ಖಾಲಿ ಮಾಡಿ ಹೊಳ್ಳಿ ಹೋಗವ್ರು ನೀವು.”

ಹೊಸ ನಟ್ಟು ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕಂತೆ. ಕಲಘಟಗಿಯ ಹತ್ತಿರ ಕಾಕಾ ಇಳಿದು ನೋಡಿದರು. ಸರಿ. ಮುಂದೆ ಒಂದು ಚಹಾದ ಅಂಗಡಿ ಬಂತು, ಅಲ್ಲೂ ಇಳಿದರು. ಒಂದು ಹುಣಸೆ ಮರ ಬಂತು, ಅಲ್ಲೂ ಇಳಿದರು. ಮುಂದಿನ ಸಲ ಅವರು ಬಾಗಿಲು ತೆಗೆಯುವ ಮೊದಲೇ ನಾನು ಪಾನಾ ಎತ್ತಿ ನನ್ನ ಮಡಿಲಲ್ಲಿಟ್ಟುಕೊಂಡೆ. ಹಬ್ಬದ ರೇಷ್ಮೆ ಸೀರೆಗೆ ಗ್ರೀಸ್ ಹತ್ತಿದರೆ ಹತ್ತಲಿ, ಕಾಕೂಗೆ ಕೊಟ್ಟ ಮಾತು ಮುಖ್ಯ.

ಚಿಗಳ್ಳಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಓಣಿಯಲ್ಲಿ ಮಂದಿ ಬನ್ನಿ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಅಕ್ಕ ಕಟ್ಟೆಯ ಮೇಲೆ ಕೂತಿದ್ದರು. ಅದೇ ತೆಳ್ಳನೆಯ ಮೈ, ಅವೇ ದೊಡ್ಡ ಕಿವಿ. ಕಾರು ನಿಂತದ್ದನ್ನು ನೋಡಿದರೂ ನೋಡದಂತೆ ಕೂತರು. ನಾನು ಮೊದಲು ಇಳಿದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪಾನಾ ಹಿಡ್ಕೊಂಡು ಬಂದಾಳಲ್ಲ. ನನ್ನ ಹೊಡಸಾಕ ಆಳು ಕರ್ಕೊಂಡು ಬಂದೀ ಏನು?” ಎಂದು ಕಾರಿನ ಕಡೆ ಮುಖ ಮಾಡಿ ಕೇಳಿದರು. ಆಗಲೇ ನನಗೆ ಪಾನಾ ಇನ್ನೂ ನನ್ನ ಕೈಯಲ್ಲಿದೆ ಎಂಬ ಎಚ್ಚರ ಬಂದದ್ದು.

ಕಾಕಾ ಇಳಿದು ಬಂದರು. ಎರಡೂ ಕೈಯಲ್ಲಿ ಬನ್ನಿಯ ಎಲೆ. “ಬನ್ನಿ ತಗೊಂಡು ಬಂಗಾರದಂಗ ಇರೂಣಕ್ಕಾ” ಎಂದು ಬಗ್ಗಿದರು. ಅಕ್ಕ ಕೈ ಚಾಚಲಿಲ್ಲ. ಎದ್ದು ಒಳಗೆ ಹೋದರು. ಕಾಕಾ ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಕರೆತಂದು ತಪ್ಪು ಮಾಡಿದೆನೇನೋ ಎನಿಸಿತು.

ಬಾಗಿಲು ಹಾಕಿದ ಸದ್ದು ಬರಲಿಲ್ಲ. ಅಕ್ಕ ಹೊರಗೆ ಬಂದರು, ಹೆಗಲ ಮೇಲೆ ಒಂದು ಕೌದಿ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದು, ಹೊದ್ದು ಹೊದ್ದು ಮೆತ್ತಗಾದ ಕೌದಿ. ಅದನ್ನು ತಮ್ಮನ ಮುಂದೆ ಕಟ್ಟೆಯ ಮೇಲೆ ಹಾಸಿ, ನಡುವಿನ ಒಂದು ತುಂಡಿನ ಮೇಲೆ ಬೆರಳಿಟ್ಟರು. ಹಸಿರು ಮೈ, ಕೆಂಪು ದಡಿ.

“ಹೋದ ವರ್ಸದ್ದು ತೋರ್ಸು ಅಂದಿದ್ದೆಲ್ಲ? ಇಕಾ, ನೋಡು. ಹಳೇದು ತೋರಿಸೇನಿ. ಹೊಸಾದು ಎಲ್ಲೈತಿ?”

ಕಾಕಾ ಏನು ಮಾಡಿದರು ಗೊತ್ತೇ? ಮಂಡಿಯೂರಿ ಕೂತು, ಆ ತುಂಡನ್ನು ಎರಡು ಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ತಿಕ್ಕಿ ನೋಡಿದರು. ಬಹಳ ಹೊತ್ತು ತಿಕ್ಕಿದರು. “ಹೂಂ, ಇದ ಹೌದು” ಎಂದು ಎದ್ದು ಹೋಗಿ ಕಾರಿನ ಡಿಕ್ಕಿ ತೆಗೆದರು.

ಮಿಲ್ಲಿನ ಸಾಮಾನು ಇರಲಿಲ್ಲ. ಸೀರೆಗಳಿದ್ದವು. ಅಕ್ಕ ಬಾರದ ಪ್ರತಿ ಪಂಚಮಿಗೂ ಕೊಂಡು ತೆಗೆದಿಟ್ಟ ಸೀರೆಗಳು, ಅಂಗಡಿಯ ಹೊದಿಕೆಯನ್ನೂ ಬಿಚ್ಚದೆ ಸ್ಟೋರಿನ ಕಪಾಟಿನಲ್ಲಿ ಜೋಡಿಸಿದ ಹಾಗೆ ಒಂದರ ಮೇಲೊಂದು. ಇಡೀ ಗಂಟನ್ನೇ ಎರಡೂ ಕೈಯಲ್ಲಿ ಅವಚಿ ತಂದು ಕೌದಿಯ ಮೇಲಿಟ್ಟರು.

ಅಕ್ಕ ನೋಡಿದರು. ಮೇಲಿನ ಸೀರೆ ಮುಟ್ಟಿದರು, ಕೆಳಗಿನದು ಮುಟ್ಟಿದರು. ಸಿಟ್ಟು ಉಳಿಸಿಕೊಳ್ಳಲು ನೋಡಿದರು, ಆಗಲಿಲ್ಲ. “ಇಷ್ಟೂ? ಒಂದು ಹಳೇದಕ್ಕ ಒಂದ ಹೊಸಾದು ಅಂತಿದ್ದೆಲ್ಲೋ, ಸ್ಟೋರ್ ಸಾಹೇಬಾ?”

“ನಾ ರಿಟೈರ್ ಆಗೇನಿ ಅಕ್ಕಾ” ಎಂದರು ಕಾಕಾ.

ಅಕ್ಕ ಕೈ ಚಾಚಿ ಬನ್ನಿ ತೆಗೆದುಕೊಂಡರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾಕಾ, “ನಟ್ಟು ಒಮ್ಮೆ ನೋಡಿ ಬರ್ತೇನಿ” ಎಂದು ಕಾರಿನ ಕಡೆ ನಡೆದರು. ಪಾನಾ ನನ್ನ ಕೈಯಲ್ಲೇ ಇತ್ತು. ಅವರು ಕಾರಿನ ಆಚೆ ಬದಿಯ ಗಾಲಿಯ ಮುಂದೆ ಕೂತು ಬರಿಗೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದುದು ನಮಗಿಬ್ಬರಿಗೂ ಕಾಣುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ಬಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು:

“ನಟ್ಟು ಎಲ್ಲೂ ಹೋಗಂಗಿಲ್ಲೋ, ಕೂತಾವು! ನೀ ಒಳಗ ಬಂದು ಕೂಡು. ಅವತ್ತು ಕಡದ ಪಂಚಮಿ ಉಂಡಿ ಇನ್ನೂ ಅರ್ಧಾ ಉಳದೈತಿ.”